ಒಂದೇ ಕೊಲೆ, ಇಪ್ಪತ್ತಮೂರು ಕಂತು: ‘ಮರ್ಡರ್ ಒನ್’ ಯಾಕೆ ಉಳಿಯಲಿಲ್ಲ

(ಮಂಗಳೂರಿನಲ್ಲಿ ಕಾನೂನು ವಿದ್ಯಾರ್ಥಿಗಳು, ರಂಗಾಸಕ್ತರು ಮತ್ತು ವೆಬ್ ಸರಣಿ ಬರೆಯಲು ಹೊರಟವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇವೆ.)

ಬರೀ ವಾದ ಕೇಳಲು ಜನ ಕೂರುವುದಿಲ್ಲ, ಕೋರ್ಟಿನ ಕಥೆ ಟೀವಿಯಲ್ಲಿ ಓಡುವುದಿಲ್ಲ ಎಂಬ ಮಾತು ಆಗಾಗ ಕೇಳಿಬರುತ್ತದೆ. ಕರಾವಳಿಯಲ್ಲಿ ನಿಂತು ಈ ಮಾತನ್ನು ಒಪ್ಪುವುದು ಕಷ್ಟ. ಪತ್ತನಾಜೆ, ಅಂದರೆ ಯಕ್ಷಗಾನದ ತಿರುಗಾಟ ಮುಗಿಯುವ ದಿನ, ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಇಲ್ಲಿ ಮಳೆಗಾಲವಿಡೀ ತಾಳಮದ್ದಳೆ ನಡೆಯುತ್ತದೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ, ಅರ್ಥಧಾರಿಗಳ ಮಾತು, ಅಷ್ಟೇ. ಎದೆಗೆ ಬಾಣ ನಾಟಿ ಬಿದ್ದ ವಾಲಿ, ‘ಮರೆಯಲ್ಲಿ ನಿಂತು ಹೊಡೆದೆಯಲ್ಲ, ಇದು ಯಾವ ಧರ್ಮ’ ಎಂದು ರಾಮನನ್ನು ಕೇಳುತ್ತಾನೆ. ಅಲ್ಲಿಂದ ಮುಂದೆ ನಡೆಯುವುದು ಕೋರ್ಟಿನಲ್ಲಿ ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವಂಥ ಪಾಟೀ ಸವಾಲೇ. ಕೊನೆಗೆ ವಾಲಿ ಸಾಯುತ್ತಾನೆ ಎಂಬುದು ಸಭೆಯಲ್ಲಿದ್ದ ಮಕ್ಕಳಿಗೂ ಗೊತ್ತು. ಆದರೂ ಯಾರೂ ಏಳುವುದಿಲ್ಲ. ತೀರ್ಪು ಗೊತ್ತಿದ್ದೂ ವಾದಕ್ಕಾಗಿ ಕೂರುವ ಪ್ರೇಕ್ಷಕ ಇರುತ್ತಾನೆ ಎಂಬುದಕ್ಕೆ ನಮಗೆ ಬೇರೆ ಸಾಕ್ಷಿ ಬೇಡ.

ಇದನ್ನು ಮೊದಲೇ ಹೇಳಿದ್ದಕ್ಕೆ ಕಾರಣವಿದೆ. ಇವತ್ತು ನಾವು ಬಿಡಿಸಿ ನೋಡಲಿರುವ ಅಮೆರಿಕದ ಧಾರಾವಾಹಿ ಸೋತದ್ದು ವಾದ ಜಾಸ್ತಿಯಾಯಿತೆಂದಲ್ಲ. ವಾದದ ಮೇಲೆ ನಂಬಿಕೆ ಇಡದೆ, ‘ಕೊಂದವರು ಯಾರು’ ಎಂಬ ಒಂದೇ ಗುಟ್ಟಿನ ಮೇಲೆ ಎಲ್ಲವನ್ನೂ ಪಣಕ್ಕಿಟ್ಟಿತು. ಅದು ಸೋತದ್ದು ಅಲ್ಲಿ. ವಾರ, ವೇಳೆ, ಎದುರಾಳಿ ಕಾರ್ಯಕ್ರಮ ಇವೆಲ್ಲ ಸೇರಿ ಸಾವನ್ನು ಬೇಗ ತಂದವು, ನಿಜ. ಆದರೆ ರೋಗ ಹೆಣಿಗೆಯಲ್ಲೇ ಇತ್ತು.

‘ಮರ್ಡರ್ ಒನ್’ ಎಬಿಸಿ ವಾಹಿನಿಯಲ್ಲಿ ಶುರುವಾದದ್ದು 1995ರ ಸೆಪ್ಟೆಂಬರ್ 19ರಂದು. ಅದನ್ನು ರೂಪಿಸಿದವರು ಸ್ಟೀವನ್ ಬೋಚ್ಕೊ, ಚಾರ್ಲ್ಸ್ ಎಗ್ಲಿ ಮತ್ತು ಚಾನಿಂಗ್ ಗಿಬ್ಸನ್. ಬೋಚ್ಕೊ ಆಗ ಸಣ್ಣ ಹೆಸರಲ್ಲ. 1981ರ ‘ಹಿಲ್ ಸ್ಟ್ರೀಟ್ ಬ್ಲೂಸ್’, 1986ರಿಂದ 1994ರವರೆಗೆ ಓಡಿದ ವಕೀಲರ ಕಥೆ ‘ಎಲ್.ಎ. ಲಾ’, 1993ರ ‘ಎನ್‌ವೈಪಿಡಿ ಬ್ಲೂ’, ಎಲ್ಲದರ ಹಿಂದೆಯೂ ಅವರೇ ಇದ್ದರು. ಇಂಥವರು ಬಂದು, ಒಂದು ಇಡೀ ಸೀಸನ್ ಒಂದೇ ಕೊಲೆ ಪ್ರಕರಣವನ್ನು ಬಂಧನದಿಂದ ತೀರ್ಪಿನವರೆಗೆ ತೋರಿಸುತ್ತೇವೆ ಎಂದರು. ಅಮೆರಿಕದ ದೊಡ್ಡ ವಾಹಿನಿಯ ಪ್ರೈಮ್ ಟೈಮಿನಲ್ಲಿ ಆವರೆಗೆ ಕೋರ್ಟಿನ ಕಥೆಯನ್ನು ಯಾರೂ ಹೀಗೆ ಕಟ್ಟಿರಲಿಲ್ಲ. ಕಂತುಗಳಿಗೆ ಹೆಸರೂ ಇರಲಿಲ್ಲ. ಕಾದಂಬರಿಯಂತೆ ‘ಅಧ್ಯಾಯ ಒಂದು’, ‘ಅಧ್ಯಾಯ ಎರಡು’ ಎಂದು ಎಣಿಸುತ್ತ ಇಪ್ಪತ್ತಮೂರಕ್ಕೆ ನಿಲ್ಲಿಸಿದರು.

ಕಥೆ ಇಷ್ಟು. ಲಾಸ್ ಏಂಜಲೀಸ್‌ನಲ್ಲಿ ಜೆಸ್ಸಿಕಾ ಕಾಸ್ಟೆಲೊ ಎಂಬ ಹದಿನೈದರ ಹುಡುಗಿಯ ಕೊಲೆಯಾಗುತ್ತದೆ. ಮೊದಲು ಪೊಲೀಸರ ಕೈಗೆ ಸಿಗುವವನು ರಿಚರ್ಡ್ ಕ್ರಾಸ್ ಎಂಬ ಶ್ರೀಮಂತ. ಅವನ ವಕೀಲ ಥಿಯೊಡೊರ್ ಹಾಫ್‌ಮನ್. ಕ್ರಾಸ್ ಬಿಡುಗಡೆಯಾದ ಮೇಲೆ ನೀಲ್ ಆವೆಡಾನ್ ಎಂಬ ಯುವ ಸಿನಿಮಾ ನಟನ ಬಂಧನವಾಗುತ್ತದೆ. ಹಾಫ್‌ಮನ್ ಈಗ ಅವನ ಪರ. ಹಾಫ್‌ಮನ್ ಪಾತ್ರದಲ್ಲಿ ಡೇನಿಯಲ್ ಬೆನ್ಜಾಲಿ, ಕ್ರಾಸ್ ಪಾತ್ರದಲ್ಲಿ ಸ್ಟಾನ್ಲಿ ಟುಚ್ಚಿ. ಬೆನ್ಜಾಲಿಯ ಬೋಳು ತಲೆ, ತಗ್ಗಿದ ದನಿ, ಕೂಗದೆಯೇ ಎದುರಿನವನನ್ನು ಕುಗ್ಗಿಸುವ ಆ ನಿಧಾನ ಒಮ್ಮೆ ನೋಡಿದರೆ ಮರೆಯುವಂಥದ್ದಲ್ಲ. ಟೀವಿ ವಕೀಲನೆಂದರೆ ಅಬ್ಬರಿಸಬೇಕು ಎಂದುಕೊಂಡವರು ಇವತ್ತಿಗೂ ಅವರನ್ನು ನೋಡಿ ಕಲಿಯಬಹುದು.

ಇಷ್ಟು ಒಳ್ಳೆಯ ಸಾಮಗ್ರಿ ಇದ್ದೂ ಎರಡೇ ಸೀಸನ್, ಒಟ್ಟು 41 ಕಂತು. 1997ರ ಮೇ ತಿಂಗಳಲ್ಲಿ ಮುಗಿದುಹೋಯಿತು.

ಗುರುವಾರದ ಹತ್ತು ಗಂಟೆ

ಸೋಲಿಗೆ ಎಲ್ಲರೂ ಕೊಡುವ ಕಾರಣ ‘ಇಆರ್’. ಎನ್‌ಬಿಸಿಯ ಈ ಆಸ್ಪತ್ರೆ ಧಾರಾವಾಹಿ 1994ರಲ್ಲಿ ಶುರುವಾಗಿ, 1995–96ರ ಸಾಲಿನಲ್ಲಿ ಅಮೆರಿಕದಲ್ಲಿ ಅತಿ ಹೆಚ್ಚು ಜನ ನೋಡುವ ಕಾರ್ಯಕ್ರಮವಾಗಿತ್ತು. ‘ಮರ್ಡರ್ ಒನ್’ನ ಮೊದಲ ಕೆಲವು ಕಂತುಗಳನ್ನು ಮಂಗಳವಾರ ತೋರಿಸಿದ ಎಬಿಸಿ, ಆಮೇಲೆ ಅದನ್ನು ಗುರುವಾರ ರಾತ್ರಿ ಹತ್ತಕ್ಕೆ, ಸರಿಯಾಗಿ ‘ಇಆರ್’ ಎದುರಿಗೆ ಒಯ್ದಿಟ್ಟಿತು.

ಇದರಲ್ಲಿ ಎರಡು ತಪ್ಪುಗಳಿವೆ. ಎದುರಾಳಿ ದೊಡ್ಡದು ಎಂಬುದು ಎಲ್ಲರ ಕಣ್ಣಿಗೂ ಬೀಳುತ್ತದೆ. ವಾರ ಬದಲಿಸಿದ್ದು ಅಷ್ಟಾಗಿ ಯಾರ ಗಮನಕ್ಕೂ ಬರುವುದಿಲ್ಲ, ಆದರೆ ನಮ್ಮ ಲೆಕ್ಕದಲ್ಲಿ ಅದೇ ಹೆಚ್ಚು ಪೆಟ್ಟು ಕೊಟ್ಟದ್ದು. ಕಂತಿಗೊಂದು ಕಥೆ ಮುಗಿಯುವ ಧಾರಾವಾಹಿಯನ್ನು ಮಂಗಳವಾರದಿಂದ ಗುರುವಾರಕ್ಕೆ ಒಯ್ದರೆ ಒಂದಿಷ್ಟು ಜನ ತಪ್ಪಿಹೋಗುತ್ತಾರೆ, ಎರಡು ವಾರ ಬಿಟ್ಟು ಮತ್ತೆ ಸಿಗುತ್ತಾರೆ. ಒಂದೇ ಪ್ರಕರಣದ ಕಥೆಯಲ್ಲಿ ಎರಡು ವಾರ ತಪ್ಪಿದವನು ಮತ್ತೆ ಬರುವುದಿಲ್ಲ. ಯಾವ ಸಾಕ್ಷಿ ಏನು ಹೇಳಿದ, ಯಾವ ವಸ್ತು ಎಲ್ಲಿ ಸಿಕ್ಕಿತು ಎಂಬುದು ಅವನಿಗೆ ಗೊತ್ತಿಲ್ಲ. 1995ರಲ್ಲಿ ಹಿಂದಿನ ಕಂತನ್ನು ನೋಡಲು ದಾರಿಯೂ ಇರಲಿಲ್ಲ. ವಿಸಿಆರ್‌ನಲ್ಲಿ ತಾನೇ ರೆಕಾರ್ಡ್ ಮಾಡಿಟ್ಟಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

‘ಇಆರ್’ ಒಂದೇ ಕಾರಣವಲ್ಲ ಎನ್ನಲು ಆಧಾರವೂ ಇದೆ. 1996ರ ಜನವರಿಯಲ್ಲಿ ಧಾರಾವಾಹಿಯನ್ನು ಸೋಮವಾರಕ್ಕೆ ತಂದರು. ದೊಡ್ಡ ಎದುರಾಳಿ ಈಗ ಇಲ್ಲ. ಹೇಳಿಕೊಳ್ಳುವಂಥ ಚೇತರಿಕೆಯೂ ಆಗಲಿಲ್ಲ. ಆಗಲು ಹೇಗೆ ಸಾಧ್ಯ? ಪ್ರಕರಣ ನಡುದಾರಿಗೆ ಬಂದಾಗಿತ್ತು. ಹೊಸಬರಿಗೆ ಒಳಗೆ ಬರಲು ಬಾಗಿಲಿರಲಿಲ್ಲ.

ಪ್ರತಿ ಕಂತಿನ ಆರಂಭದಲ್ಲಿ ಹಿಂದಿನ ಕಥೆಯ ತುಣುಕು ತೋರಿಸುವುದು ಇದಕ್ಕೆ ಮಾಮೂಲಿ ಔಷಧ. ಇದರ ಬೆಲೆಯನ್ನು ಲೆಕ್ಕ ಹಾಕಿ ನೋಡಿ. ಒಂದು ಗಂಟೆಯ ವೇಳೆಯಲ್ಲಿ ಜಾಹೀರಾತು ಕಳೆದರೆ ಆ ಕಾಲದಲ್ಲಿ ಉಳಿಯುತ್ತಿದ್ದದ್ದು ಸುಮಾರು 45 ನಿಮಿಷ. ಅದರಲ್ಲಿ ಒಂದೂವರೆ ನಿಮಿಷ ಹಿಂದಿನದ್ದಕ್ಕೆ ಹೋದರೆ 23 ಕಂತಿಗೆ 34 ನಿಮಿಷಕ್ಕೂ ಹೆಚ್ಚು. ಇಷ್ಟು ತೆತ್ತರೂ ಸಿಗುವುದು ಘಟನೆಗಳ ನೆನಪು ಮಾತ್ರ. ಒಬ್ಬ ಸಾಕ್ಷಿಯ ಮೇಲೆ ನೋಡುಗನಿಗೆ ಮೂಡಿದ್ದ ಅನುಮಾನವನ್ನು ತುಣುಕು ತೋರಿಸಿ ಮರಳಿ ತರಲಾಗುವುದಿಲ್ಲ.

ಇನ್ನೊಂದು ಕಾಕತಾಳೀಯವೂ ಇತ್ತು. ಅದೇ ಲಾಸ್ ಏಂಜಲೀಸ್‌ನಲ್ಲಿ ಮಾಜಿ ಫುಟ್‌ಬಾಲ್ ತಾರೆ ಓ.ಜೆ. ಸಿಂಪ್ಸನ್ ಮೇಲಿನ ನಿಜವಾದ ಕೊಲೆ ಮೊಕದ್ದಮೆ ಆ ವರ್ಷದ ಜನವರಿಯಿಂದ ಟೀವಿಯಲ್ಲಿ ನೇರ ಪ್ರಸಾರವಾಗುತ್ತಿತ್ತು. ತೀರ್ಪು ಬಂದದ್ದು ಅಕ್ಟೋಬರ್ 3ರಂದು, ‘ಮರ್ಡರ್ ಒನ್’ ಶುರುವಾಗಿ ಎರಡು ವಾರಕ್ಕೆ. ತಿಂಗಳುಗಟ್ಟಲೆ ರಕ್ತದ ಮಾದರಿ, ಕೈಗವಸು, ಜ್ಯೂರಿ (ತೀರ್ಪು ಹೇಳುವ ಸಾಮಾನ್ಯ ನಾಗರಿಕರ ಮಂಡಳಿ) ಎಂದು ನೋಡಿ ದಣಿದ ಜನರಿಗೆ ಮತ್ತೆ ಎಂಟು ತಿಂಗಳ ಇನ್ನೊಂದು ಮೊಕದ್ದಮೆ ಎಂದರೆ ಭಾರವೇ. ಆದರೆ ಇದಕ್ಕೆ ಹೆಚ್ಚು ತೂಕ ಕೊಡುವುದು ಸರಿಯಲ್ಲ. ಆ ಮೊಕದ್ದಮೆ ಕೋರ್ಟಿನ ಭಾಷೆಯನ್ನು ಜನರಿಗೆ ಕಲಿಸಿಯೂ ಇತ್ತು.

ಹದಿನೇಳು ಗಂಟೆಯ ಗುಟ್ಟು

ಈಗ ಹೆಣಿಗೆಗೆ ಬರೋಣ. 45 ನಿಮಿಷದ 23 ಕಂತೆಂದರೆ 1,035 ನಿಮಿಷ, ಹದಿನೇಳು ಗಂಟೆಗೂ ಮಿಕ್ಕಿ. ಕಂತಿಗೆ ನಾಲ್ಕು ಅಂಕ ಎಂದಿಟ್ಟುಕೊಂಡರೆ ಒಟ್ಟು 92 ಅಂಕ. ಪ್ರತಿ ಅಂಕದ ಕೊನೆಗೂ ಜಾಹೀರಾತು ಮುಗಿಯುವವರೆಗೆ ನೋಡುಗ ರಿಮೋಟ್ ಮುಟ್ಟದಂತೆ ಒಂದು ತಿರುವು ಬೇಕು. ಒಂದು ಕೊಲೆ ಪ್ರಕರಣದಲ್ಲಿ 92 ತಿರುವುಗಳು ಇರುವುದಿಲ್ಲ. ಆದ್ದರಿಂದ ಬರಹಗಾರರು ಹಾಫ್‌ಮನ್‌ನ ದಾಂಪತ್ಯ ತಂದರು, ಕಚೇರಿಯ ಕಿರಿಯ ವಕೀಲರ ಚಿಕ್ಕಪುಟ್ಟ ಕೇಸುಗಳನ್ನು ತಂದರು. ಅವು ಕೆಟ್ಟದಾಗಿರಲಿಲ್ಲ. ಆದರೆ ಮುಖ್ಯ ಪ್ರಕರಣಕ್ಕಾಗಿ ಬಂದ ನೋಡುಗನಿಗೆ ಅವು ಕಾಯಿಸುವ ಕೋಣೆಯಂತೆ ಕಂಡವು.

ಇದಕ್ಕಿಂತ ದೊಡ್ಡ ತೊಂದರೆ ಸಾಕ್ಷಿಗಳದ್ದು. ಅದನ್ನು ತೋರಿಸಲು ನಾವೇ ಒಂದು ಪಾಟೀ ಸವಾಲು ಕಟ್ಟುತ್ತೇವೆ. ಮಲ್ಪೆ ಬಂದರಿನಲ್ಲಿ ಒಂದು ರಾತ್ರಿ ಕೊಲೆಯಾಗಿದೆ ಎನ್ನಿ. ಬೋಟಿಗೆ ಐಸ್ ತುಂಬುತ್ತಿದ್ದ ಒಬ್ಬ ಕೆಲಸಗಾರ, ಒಂಬತ್ತೂವರೆಗೆ ಆರೋಪಿಯನ್ನು ಐಸ್ ಪ್ಲಾಂಟಿನ ಗೇಟಿನ ಬಳಿ ಕಂಡೆ ಎಂದಿದ್ದಾನೆ. ಆರೋಪಿಯ ವಕೀಲರು ಏಳುತ್ತಾರೆ.

“ನೀವು ನಿಂತಲ್ಲಿಂದ ಗೇಟಿಗೆ ಎಷ್ಟು ದೂರ?”

“ಒಂದು ಐವತ್ತು ಮಾರು ಇರಬಹುದು.”

“ಆ ರಾತ್ರಿ ಕರೆಂಟು ಹೋಗಿತ್ತು ಎಂದರೆ ಸರಿಯೇ?”

“ಸ್ವಲ್ಪ ಹೊತ್ತು ಹೋಗಿತ್ತು.”

“ಎಷ್ಟು ಗಂಟೆಗೆ?”

“ಗಡಿಯಾರ ನೋಡಲಿಲ್ಲ.”

“ನೋಡದೆ ಒಂಬತ್ತೂವರೆ ಎಂದು ಹೇಗೆ ಹೇಳಿದಿರಿ?”

“ದಿನಾ ಐಸ್ ತುಂಬಿ ಮುಗಿಯುವುದು ಆ ಹೊತ್ತಿಗೇ.”

“ಕರೆಂಟು ಇಲ್ಲದಿದ್ದರೆ ಐಸ್ ಪುಡಿ ಮಾಡುವ ಮೆಷಿನ್ ಓಡುವುದಿಲ್ಲ, ಅಲ್ಲವೇ?”

“ಓಡುವುದಿಲ್ಲ.”

“ಅಂದರೆ ಆ ದಿನ ತುಂಬಿ ಮುಗಿಯುವಾಗ ತಡವಾಗಿತ್ತು.”

“ಆಗಿರಬಹುದು.”

ವಕೀಲರು ಇಲ್ಲಿ ಕುಳಿತುಕೊಳ್ಳಬೇಕು. ‘ಹಾಗಾದರೆ ನೀವು ಸುಳ್ಳು ಹೇಳಿದಿರಿ’ ಎಂದು ಇನ್ನೊಂದು ಪ್ರಶ್ನೆ ಕೇಳಿದರೆ, ‘ಇಲ್ಲ ಸರ್, ಮುಖ ಸರೀ ಕಂಡಿದ್ದೇನೆ’ ಎಂದು ಸಾಕ್ಷಿ ಗಟ್ಟಿಯಾಗುತ್ತಾನೆ. ಎಳೆ ಎಳೆದು ಬರೆಯುವ ಸಂಭಾಷಣೆಕಾರರು ಎಡವುವುದು ಈ ಹೆಚ್ಚುವರಿ ಪ್ರಶ್ನೆಯಲ್ಲೇ. ಆರು ಪ್ರಶ್ನೆ, ಪರದೆಯ ಮೇಲೆ ಒಂದೂವರೆ ನಿಮಿಷ. ಸಾಕ್ಷಿ ಸುಳ್ಳುಗಾರನಾಗಲಿಲ್ಲ, ಆದರೆ ಒಂಬತ್ತೂವರೆ ಎಂಬ ಹೊತ್ತು ಬಿದ್ದುಹೋಯಿತು. ಪ್ರಕರಣ ಒಂದು ಹೆಜ್ಜೆ ಸರಿಯಿತು. ಮತ್ತೆ ಹಿಂದೆ ಹೋಗುವಂತಿಲ್ಲ.

‘ಮರ್ಡರ್ ಒನ್’ನ ಬರಹಗಾರರಿಗೆ ಈ ಸ್ವಾತಂತ್ರ್ಯ ಇರಲಿಲ್ಲ. ಗುಟ್ಟು ಇಪ್ಪತ್ತಮೂರನೆಯ ಅಧ್ಯಾಯದವರೆಗೆ ಉಳಿಯಬೇಕು. ಆದ್ದರಿಂದ ಹತ್ತನೆಯ ಅಧ್ಯಾಯದ ಸಾಕ್ಷಿ ಎಷ್ಟೇ ಜೋರಾಗಿರಲಿ, ಅವನ ಮಾತು ನೀಲ್‌ನನ್ನು ಪೂರ್ತಿ ಬಿಡಿಸುವಂತಿಲ್ಲ, ಪೂರ್ತಿ ಮುಳುಗಿಸುವಂತೆಯೂ ಇಲ್ಲ. ಹನ್ನೊಂದನೆಯದರಲ್ಲಿ ಅದಕ್ಕೊಂದು ಪ್ರತಿಯೇಟು ಬರಲೇಬೇಕು. ಅನುಮಾನ ಕ್ರಾಸ್‌ನತ್ತ ವಾಲಿತು, ನೀಲ್‌ನತ್ತ ವಾಲಿತು, ಮತ್ತೆ ಕ್ರಾಸ್‌ನತ್ತ. ನಾಲ್ಕೈದು ಬಾರಿ ಹೀಗಾದ ಮೇಲೆ ನೋಡುಗನಿಗೆ ಲೆಕ್ಕ ಅರ್ಥವಾಗಿಬಿಡುತ್ತದೆ: ಈ ವಾರ ಏನೇ ಸಾಬೀತಾದರೂ ಮುಂದಿನ ವಾರ ಅಳಿಸಿಹೋಗುತ್ತದೆ. ಅಲ್ಲಿಗೆ ಪಾಟೀ ಸವಾಲಿನ ಬೆಲೆ ಹೋಯಿತು. ನಟರು ಎಷ್ಟು ಚೆನ್ನಾಗಿ ಮಾಡಿದರೇನು!

ಮುಕ್ತಾಯವಂತೂ ಈ ಹೆಣಿಗೆಯ ಕೊರತೆಯನ್ನು ಎತ್ತಿ ತೋರಿಸಿತು. ಜ್ಯೂರಿ ನೀಲ್‌ನನ್ನು ತಪ್ಪಿತಸ್ಥ ಎಂದಿತು. ನಿಜ ಹೊರಬಂದದ್ದು ಕೊನೆಯ ಅಧ್ಯಾಯದಲ್ಲಿ, ಕ್ರಾಸ್ ಬಳಿಯಿದ್ದ ಒಂದು ವಿಡಿಯೋ ಟೇಪಿನಿಂದ. ಎಂಟು ತಿಂಗಳು ಕೋರ್ಟಿನೊಳಗೆ ಕೂರಿಸಿ ಉತ್ತರವನ್ನು ಕೋರ್ಟಿನ ಹೊರಗಿಂದ ತಂದುಕೊಟ್ಟರು. ನ್ಯಾಯಾಲಯವೂ ತಪ್ಪುತ್ತದೆ ಎಂಬ ಗಂಭೀರ ಮಾತು ಅದರಲ್ಲಿದೆ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಒಂದೊಂದು ಸಾಕ್ಷ್ಯವನ್ನೂ ನೆನಪಿಟ್ಟುಕೊಂಡು ಬಂದ ನಿಷ್ಠಾವಂತ ನೋಡುಗನ ಶ್ರಮಕ್ಕೆ ಅಲ್ಲಿ ಫಲ ಸಿಗಲಿಲ್ಲ.

ಹಣದ ಲೆಕ್ಕ, ಆಮೇಲಿನ ರಿಪೇರಿ

ಅಮೆರಿಕದ ಪದ್ಧತಿಯಲ್ಲಿ ವಾಹಿನಿ ಕೊಡುವ ಹಣ ನಿರ್ಮಾಣದ ಖರ್ಚಿಗೆ ಸಾಮಾನ್ಯವಾಗಿ ಸಾಲುತ್ತಿರಲಿಲ್ಲ. ಕೊರತೆಯನ್ನು ಸ್ಟುಡಿಯೊ ಹೊತ್ತು, ನೂರರ ಆಸುಪಾಸು ಕಂತುಗಳಾದ ಮೇಲೆ ಸ್ಥಳೀಯ ಕೇಂದ್ರಗಳಿಗೆ, ಕೇಬಲ್‌ಗೆ ಮರುಪ್ರಸಾರದ ಹಕ್ಕು ಮಾರಿ ತುಂಬಿಕೊಳ್ಳಬೇಕು. ಮರುಪ್ರಸಾರಕ್ಕೆ ಹೇಳಿ ಮಾಡಿಸಿದ್ದು, ಯಾವ ಕಂತನ್ನು ಯಾವ ದಿನ ಹಾಕಿದರೂ ನಡೆಯುವ ಧಾರಾವಾಹಿ. ‘ಲಾ ಆ್ಯಂಡ್ ಆರ್ಡರ್’ 1990ರಿಂದ 2010ರವರೆಗೆ ಎಡೆಬಿಡದೆ 20 ಸೀಸನ್, 456 ಕಂತು ಓಡಿತು. ಮೊದಲರ್ಧ ಪೊಲೀಸ್ ತನಿಖೆ, ಉಳಿದರ್ಧ ಕೋರ್ಟು, ಗಂಟೆಯೊಳಗೆ ತೀರ್ಪು. ನಡುವೆ ಹತ್ತು ವರ್ಷ ನೋಡದಿದ್ದರೂ ಇವತ್ತು ಕೂತು ನೋಡಬಹುದು. ‘ಮರ್ಡರ್ ಒನ್’ನ ಹದಿನಾಲ್ಕನೆಯ ಅಧ್ಯಾಯವನ್ನು ಹಾಗೆ ಬಿಡಿಯಾಗಿ ಮಾರುವುದು ಹೇಗೆ? ಅದನ್ನು ಉಳಿಸಿಕೊಳ್ಳಬೇಕೆಂಬ ಒತ್ತಡ ಯಾವ ಕಡೆಯಿಂದಲೂ ಬರಲಿಲ್ಲ.

ಎರಡನೆಯ ಸೀಸನ್‌ಗೆ ಅನುಮತಿ ಸಿಕ್ಕಿತು, ಬದಲಾವಣೆಗಳೊಂದಿಗೆ. ಬೆನ್ಜಾಲಿ ಹೋದರು, ಜಿಮ್ಮಿ ವೈಲರ್ ಎಂಬ ಹೊಸ ವಕೀಲನಾಗಿ ಆಂಥನಿ ಲಾಪಾಗ್ಲಿಯಾ ಬಂದರು. ಒಂದರ ಬದಲು ಮೂರು ಪ್ರಕರಣ, ಒಟ್ಟು 18 ಕಂತು. ಪ್ರಕರಣ ಚಿಕ್ಕದು ಮಾಡಿದ್ದು ಸರಿಯಾದ ಔಷಧ. ಆದರೆ ಉಳಿದಿದ್ದ ನಿಷ್ಠಾವಂತರು ಬರುತ್ತಿದ್ದದ್ದೇ ಹಾಫ್‌ಮನ್‌ಗಾಗಿ. ಆ ಮುಖವನ್ನೇ ತೆಗೆದುಬಿಟ್ಟರು. ಹೊಸಬರಿಗೆ ಇದು ಹಳೆಯ ಕಥೆಯ ಮುಂದುವರಿಕೆ, ಹಳಬರಿಗೆ ಇದು ಬೇರೆ ಧಾರಾವಾಹಿ. ಇಬ್ಬರೂ ಬರಲಿಲ್ಲ. ಸಂಕಟದ ಸಂಗತಿಯೆಂದರೆ ಕೊನೆಯ ಪ್ರಕರಣ, ಕ್ಲಿಫರ್ಡ್ ಬ್ಯಾಂಕ್ಸ್ ಎಂಬ ಸರಣಿ ಹಂತಕನದ್ದು, ಇಡೀ ಧಾರಾವಾಹಿಯಲ್ಲೇ ಅತ್ಯಂತ ಬಿಗಿಯಾದ ಬರವಣಿಗೆ. ತನ್ನದೇ ನ್ಯಾಯ ಮಾಡಲು ಹೊರಟ ಆ ಕೊಲೆಗಾರನ ಪಾತ್ರಕ್ಕೆ ಪ್ರೂಯಿಟ್ ಟೇಲರ್ ವಿನ್ಸ್ 1997ರ ಎಮ್ಮಿ ಟೀವಿ ಪ್ರಶಸ್ತಿ ಪಡೆದರು. ಅಲ್ಲಿ ಕೊಂದವನು ಯಾರೆಂಬುದು ಗುಟ್ಟಲ್ಲ. ಅವನನ್ನು ಹೇಗೆ ಸಮರ್ಥಿಸುವುದು, ಸಮರ್ಥಿಸಬೇಕೇ ಎಂಬುದೇ ಪ್ರಶ್ನೆ. ನಾವು ಮೊದಲಿಂದ ಹೇಳುತ್ತಿರುವ ದಾರಿ ಅದೇ. ಅವರು ಅದನ್ನು ಹಿಡಿಯುವಷ್ಟರಲ್ಲಿ ಬಾಗಿಲು ಮುಚ್ಚಿತ್ತು.

ಬೇಗ ಮುಗಿದ ಬೇರೆ ವಕೀಲರ ಕಥೆಗಳೂ ಇವೆ. ಎಲ್ಲದಕ್ಕೂ ಇದೇ ಕಾರಣವಲ್ಲ. 2002ರಲ್ಲಿ ಫಾಕ್ಸ್ ವಾಹಿನಿಯ ‘ಗರ್ಲ್ಸ್ ಕ್ಲಬ್’ ಎರಡೇ ಕಂತಿಗೆ ನಿಂತಿತು. ಕ್ಯಾಥಿ ಬೇಟ್ಸ್ ಅಭಿನಯದ ‘ಹ್ಯಾರೀಸ್ ಲಾ’ಗೆ (2011–12) ಒಟ್ಟು ನೋಡುಗರು ಚೆನ್ನಾಗಿಯೇ ಇದ್ದರು, ಆದರೆ ಹೆಚ್ಚಿನವರು ಹಿರಿಯರು. ಜಾಹೀರಾತುದಾರರು ಬೆಲೆ ಕಟ್ಟುವುದು 18ರಿಂದ 49 ವರ್ಷದವರ ಲೆಕ್ಕದಲ್ಲಿ. ಜನ ನೋಡುತ್ತಿದ್ದಂತೆಯೇ ಅದು ನಿಂತಿತು.

ಒಂದೇ ಪ್ರಕರಣ ಎಂಬ ಕಲ್ಪನೆ ಮಾತ್ರ ಸಾಯಲಿಲ್ಲ. ಬಿಬಿಸಿ 2008ರಲ್ಲಿ ‘ಕ್ರಿಮಿನಲ್ ಜಸ್ಟಿಸ್’ ಅನ್ನು ಐದೇ ಕಂತಿನಲ್ಲಿ ಮುಗಿಸಿತು. ಅದರ ಅಮೆರಿಕನ್ ರೂಪ ‘ದ ನೈಟ್ ಆಫ್’ (2016) ಎಂಟು ಕಂತು. 2019ರಲ್ಲಿ ಹಾಟ್‌ಸ್ಟಾರ್‌ನಲ್ಲಿ ಬಂದ ಹಿಂದಿ ರೂಪದಲ್ಲಿ ಪಂಕಜ್ ತ್ರಿಪಾಠಿಯವರ ವಕೀಲ ಮಾಧವ ಮಿಶ್ರಾ ಎಷ್ಟು ಗಟ್ಟಿಯಾಗಿ ನಿಂತನೆಂದರೆ, ಪ್ರಕರಣ ಬದಲಾದರೂ ಆ ವಕೀಲ ಉಳಿದ. ‘ಮರ್ಡರ್ ಒನ್’ ಕಳೆದುಕೊಂಡದ್ದನ್ನು ಇವರು ಉಳಿಸಿಕೊಂಡರು: ಪ್ರಕರಣ ಚಿಕ್ಕದು, ವಕೀಲ ಅದೇ.

ಕನ್ನಡದಲ್ಲಿ ಬೇರೊಂದು ದಾರಿ ಸಿಕ್ಕಿತು. ವಕೀಲಿ ವೃತ್ತಿ ಬಲ್ಲ ಟಿ.ಎನ್. ಸೀತಾರಾಮ್ ‘ಮುಕ್ತ ಮುಕ್ತ’ದಂಥ ಧಾರಾವಾಹಿಗಳಲ್ಲಿ ತಾವೇ ಸಿ.ಎಸ್.ಪಿ. ಎಂಬ ವಕೀಲರಾಗಿ ಬಂದು ದೀರ್ಘ ವಾದಗಳನ್ನು ಮನೆಮನೆಗೆ ಮುಟ್ಟಿಸಿದರು. ಅಲ್ಲಿ ಕೋರ್ಟೇ ಕಥೆಯಲ್ಲ. ಮನೆಯ, ಊರಿನ, ರಾಜಕೀಯದ ಜಗಳ ಕೊನೆಗೆ ಕೋರ್ಟಿನ ಮೆಟ್ಟಿಲೇರುತ್ತದೆ. ಜೊತೆಗೆ ಅವು ದಿನವಹಿ ಧಾರಾವಾಹಿಗಳು. ನಿನ್ನೆ ಸಂಜೆ ಕೇಳಿದ ಪ್ರಶ್ನೆಗೆ ಇವತ್ತು ಸಂಜೆ ಉತ್ತರ. ಏಳು ದಿನದ ಮರೆವು ಅಡ್ಡ ಬರುವುದಿಲ್ಲ.

ಇಲ್ಲಿ ಬರೆಯುವವರಿಗೆ

ನೀವು ಕನ್ನಡದಲ್ಲೋ ತುಳುವಿನಲ್ಲೋ ಇಂಥ ಒಂದು ಸರಣಿ ಬರೆಯುವುದಾದರೆ 35 ನಿಮಿಷದ ಎಂಟು ಕಂತು ಸಾಕು, ಒಟ್ಟು 280 ನಿಮಿಷ. ಅದರಲ್ಲಿ ಕೋರ್ಟಿನೊಳಗೆ ಅರ್ಧಕ್ಕಿಂತ ಹೆಚ್ಚು ಬೇಡ. ನಿಜವಾದ ಕೊಲೆ ಪ್ರಕರಣದ ಸಾಕ್ಷಿಪಟ್ಟಿಯಲ್ಲಿ ಮೂವತ್ತು ಹೆಸರಿದ್ದರೂ ಆಶ್ಚರ್ಯವಿಲ್ಲ. ಕಥೆಗೆ ಎಂಟೋ ಒಂಬತ್ತೋ ಆರಿಸಿ. ಸಾಮಾನ್ಯ ಕ್ರಮದಲ್ಲಿ ಮೊದಲು ದೂರುದಾರ, ಆಮೇಲೆ ಕಣ್ಣಾರೆ ಕಂಡವರು, ಮಹಜರಿನ ಪಂಚರು, ಶವಪರೀಕ್ಷೆ ಮಾಡಿದ ವೈದ್ಯರು, ಪ್ರಯೋಗಾಲಯದವರು. ತನಿಖಾಧಿಕಾರಿ ಬಹುತೇಕ ಕೊನೆಗೆ. ಬರೆಯುವ ಮೊದಲು ಒಂದು ಹಾಳೆಯಲ್ಲಿ ಪ್ರತಿ ಸಾಕ್ಷಿಯ ಎದುರು, ಅವನು ಕಟಕಟೆ ಇಳಿದ ಮೇಲೆ ಯಾವ ಒಂದು ಸಂಗತಿ ಬದಲಾಯಿತು ಎಂದು ಒಂದು ಸಾಲು ಬರೆಯಿರಿ. ಏನೂ ಬದಲಾಗದಿದ್ದರೆ ಆ ಸಾಕ್ಷಿಯನ್ನು ತೆಗೆಯಿರಿ. ಒಮ್ಮೆ ಬದಲಾದದ್ದನ್ನು ಮುಂದಿನ ಕಂತಿನಲ್ಲಿ ಅಳಿಸಬೇಡಿ.

ಸಿನಿಮಾದಿಂದ ಬಂದ ಕೆಲವು ಅಭ್ಯಾಸಗಳನ್ನು ಬಿಡಬೇಕಾಗುತ್ತದೆ. ನಮ್ಮ ನ್ಯಾಯಾಧೀಶರು ಸುತ್ತಿಗೆ ಕುಟ್ಟುವುದಿಲ್ಲ. ಭಗವದ್ಗೀತೆ ಮುಟ್ಟಿಸಿ ಪ್ರಮಾಣ ಮಾಡಿಸುವುದಿಲ್ಲ; 1969ರ ಪ್ರಮಾಣಗಳ ಕಾಯ್ದೆಯಂತೆ ದೇವರ ಹೆಸರಿನಲ್ಲೋ ಆತ್ಮಸಾಕ್ಷಿಯ ಮೇಲೋ ಸತ್ಯ ನುಡಿಯುವುದಾಗಿ ಹೇಳಿಸುತ್ತಾರೆ. ಜ್ಯೂರಿಯಂತೂ ಇಲ್ಲ; 1973ರ ದಂಡ ಪ್ರಕ್ರಿಯಾ ಸಂಹಿತೆ ಕ್ರಿಮಿನಲ್ ವಿಚಾರಣೆಯಲ್ಲಿ ಅದಕ್ಕೆ ಜಾಗವನ್ನೇ ಇಡಲಿಲ್ಲ. ಜ್ಯೂರಿಯತ್ತ ತಿರುಗಿ ಭಾಷಣ ಮಾಡುವ ಅಮೆರಿಕದ ವಕೀಲನನ್ನು ಇಲ್ಲಿಗೆ ತಂದರೆ ಅವನು ಯಾರಿಗೆ ಮಾತಾಡುತ್ತಿದ್ದಾನೆ ಎಂಬುದೇ ತಿಳಿಯುವುದಿಲ್ಲ. ಉತ್ತರವನ್ನು ಸೂಚಿಸುವ ಪ್ರಶ್ನೆಗಳನ್ನು ಪಾಟೀ ಸವಾಲಿನಲ್ಲಿ ಕೇಳಬಹುದು, ತನ್ನದೇ ಸಾಕ್ಷಿಯ ಮುಖ್ಯ ವಿಚಾರಣೆಯಲ್ಲಿ ಎದುರು ಪಕ್ಷ ಆಕ್ಷೇಪಿಸಿದರೆ ನ್ಯಾಯಾಲಯದ ಅನುಮತಿಯಿಲ್ಲದೆ ಕೇಳುವಂತಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಇದು 146ನೆಯ ಕಲಮು. ಪೊಲೀಸರು ತನಿಖೆಯಲ್ಲಿ ಬರೆದುಕೊಂಡ ಹೇಳಿಕೆಗೆ ಸಾಕ್ಷಿ ಸಹಿ ಹಾಕುವುದಿಲ್ಲ. ‘ಈ ಸಹಿ ನಿಮ್ಮದೇ ತಾನೆ’ ಎಂದು ಆ ಕಾಗದ ಬೀಸುವ ದೃಶ್ಯ ಬರೆದರೆ ಸಭೆಯಲ್ಲಿರುವ ಕಾನೂನು ವಿದ್ಯಾರ್ಥಿಗಳು ಅಲ್ಲೇ ಹಿಡಿಯುತ್ತಾರೆ.

ನಮ್ಮ ಕೋರ್ಟಿನ ನಿಧಾನವನ್ನು ಕೊರತೆಯೆಂದು ತಿಳಿಯಬೇಡಿ. ಸಾಕ್ಷಿ ಹೇಳಿದ್ದನ್ನು ನ್ಯಾಯಾಧೀಶರು ಸಾಮಾನ್ಯವಾಗಿ ಪ್ರಶ್ನೋತ್ತರವಾಗಿ ಬರೆಸುವುದಿಲ್ಲ. ಸಾಕ್ಷಿಯದೇ ಮಾತಿನಂತೆ ಕೂಡಿಸಿ ಬೆರಳಚ್ಚುಗಾರರಿಗೆ ಹೇಳುತ್ತಾರೆ. ಮಲ್ಪೆಯ ಆ ಕೆಲಸಗಾರನ ಮಾತು ದಾಖಲೆಯಲ್ಲಿ ಹೀಗೆ ಬರುತ್ತದೆ: “ಆ ರಾತ್ರಿ ಸ್ವಲ್ಪ ಹೊತ್ತು ಕರೆಂಟು ಹೋಗಿತ್ತು ಎಂದರೆ ಸರಿ. ನಾನು ಗಡಿಯಾರ ನೋಡಿರುವುದಿಲ್ಲ. ಐಸ್ ತುಂಬುವುದು ತಡವಾಗಿರಬಹುದು.” ಸಾಕ್ಷಿ ತಡವರಿಸಿ ಹೇಳಿದ್ದು ಕಾಗದದ ಮೇಲೆ ಖಚಿತವಾಗುವ ಆ ಗಳಿಗೆ, ಬೆರಳಚ್ಚಿನ ಸದ್ದು, ಒಂದು ಪದ ಬಿಟ್ಟುಹೋಯಿತೆಂದು ವಕೀಲರು ಎದ್ದು ನಿಲ್ಲುವುದು, ‘ಅದನ್ನೂ ಸೇರಿಸಬೇಕು ಸ್ವಾಮಿ’ ಎಂಬ ಬೇಡಿಕೆ, ಇವುಗಳಲ್ಲಿ ನಾಟಕವಿದೆ. ‘ಇರಬಹುದು’ ಎಂಬುದು ಬಿಟ್ಟುಹೋದರೆ ಒಬ್ಬನ ಬದುಕೇ ತಿರುಗೀತು. ಇದನ್ನು ನಮ್ಮ ಟೀವಿಯಲ್ಲಿ ಇನ್ನೂ ಯಾರೂ ಸರಿಯಾಗಿ ಬಳಸಿಕೊಂಡಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಚಿತ್ರೀಕರಣದ ಬಗ್ಗೆ ಸ್ವಲ್ಪ. ನ್ಯಾಯಾಧೀಶರು, ಸಾಕ್ಷಿ, ಎರಡು ಪಕ್ಷದ ವಕೀಲರು, ಹಿಂದೆ ಆರೋಪಿ ಹೀಗೆ ಐದು ದಿಕ್ಕಿನ ನೋಟಗಳು ಒಂದೇ ಕೋಣೆಯಲ್ಲಿ ಹಾಯುತ್ತವೆ. ಯಾರು ಯಾವ ಬದಿಗೆ ನೋಡುತ್ತಾರೆ ಎಂದು ಮೊದಲ ದಿನವೇ ನಕ್ಷೆ ಬರೆದಿಡದಿದ್ದರೆ, ಎಡಿಟಿಂಗ್‌ನಲ್ಲಿ ಸಾಕ್ಷಿ ವಕೀಲರನ್ನು ಬಿಟ್ಟು ಗೋಡೆಗೆ ಉತ್ತರ ಕೊಟ್ಟಂತೆ ಕಾಣುತ್ತದೆ. ಹಿಂದಿನ ಬೆಂಚಿನಲ್ಲಿ ಕೂರುವವರನ್ನು ದಿನಕ್ಕೊಬ್ಬರಂತೆ ಬದಲಿಸಬೇಡಿ. ಆರು ಮಂದಿ ಸಾಕು, ಅವರೇ ಇರಲಿ. ಒಂದೇ ಸಾಕ್ಷಿಯ ವಿಚಾರಣೆ ಎರಡು ಕಂತಿಗೆ ಹಂಚಿದ್ದರೂ ಅದನ್ನು ಒಂದೇ ದಿನ ಶೂಟ್ ಮಾಡಿ ಮುಗಿಸಿ. ನಟನ ದನಿ ಎರಡು ದಿನ ಒಂದೇ ರೀತಿ ಇರುವುದಿಲ್ಲ.

ಸಭೆಯಲ್ಲಿ ಬಂದ ಒಂದು ಪ್ರಶ್ನೆ: ಜ್ಯೂರಿ ಎದ್ದು ‘ತಪ್ಪಿತಸ್ಥ’ ಎನ್ನುವ ಗಳಿಗೆ ನಮ್ಮಲ್ಲಿಲ್ಲವಲ್ಲ, ಕೊನೆಯ ಕಂತನ್ನು ಕಟ್ಟುವುದು ಹೇಗೆ? ಸೆಷನ್ಸ್ ವಿಚಾರಣೆಯಲ್ಲಿ ಅದಕ್ಕಿಂತ ಒಳ್ಳೆಯ ಎರಡು ಗಳಿಗೆಗಳಿವೆ. ಒಂದು, ಪ್ರಾಸಿಕ್ಯೂಷನ್ ಸಾಕ್ಷ್ಯ ಮುಗಿದ ಮೇಲೆ ನ್ಯಾಯಾಧೀಶರೇ ಆರೋಪಿಗೆ ಪ್ರಶ್ನೆ ಕೇಳುವುದು. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 313ನೆಯ ಕಲಮು, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 351. ಅಲ್ಲಿ ಆರೋಪಿಗೆ ಪ್ರಮಾಣವಿಲ್ಲ, ಪಾಟೀ ಸವಾಲಿಲ್ಲ. ತಿಂಗಳುಗಟ್ಟಲೆ ಸುಮ್ಮನೆ ನಿಂತವನು ಮೊದಲ ಸಲ ಮಾತಾಡುತ್ತಾನೆ. ‘ಸುಳ್ಳು’, ‘ಗೊತ್ತಿಲ್ಲ’ ಎಂದಷ್ಟೇ ಹೇಳಿ ಮುಗಿಸುವವರೇ ಹೆಚ್ಚು. ನಿಮ್ಮ ಆರೋಪಿ ಒಂದೇ ಒಂದು ಪ್ರಶ್ನೆಗೆ ಅದಕ್ಕಿಂತ ಹೆಚ್ಚು ಹೇಳಿದರೆ ಸಾಕು. ಇನ್ನೊಂದು, ಅಪರಾಧ ಸಾಬೀತಾಗಿದೆ ಎಂದ ಮೇಲೆ ಶಿಕ್ಷೆಯ ಪ್ರಮಾಣದ ಬಗ್ಗೆ ಅವನನ್ನು ಬೇರೆಯಾಗಿ ಕೇಳಲೇಬೇಕು, ಅದೇ ಸುರಕ್ಷಾ ಸಂಹಿತೆಯ 258ನೆಯ ಕಲಮಿನಂತೆ. ವಯಸ್ಸೆಷ್ಟು, ಮನೆಯಲ್ಲಿ ಯಾರಿದ್ದಾರೆ, ಜೈಲಿನಲ್ಲಿ ಹೇಗಿದ್ದಾನೆ ಎಂಬುದೆಲ್ಲ ಬರುವುದು ಅಲ್ಲಿ. ಅದನ್ನು ಏಳನೆಯ ಕಂತಿನ ಕೊನೆಗೆ ತೀರ್ಪು, ಎಂಟನೆಯ ಕಂತಿನಲ್ಲಿ ಶಿಕ್ಷೆ ಎಂದು ಹಂಚಿ. ಕೊಂದವನು ಯಾರೆಂಬುದು ಆಗಲೇ ಗೊತ್ತಿರುತ್ತದೆ. ಎಂಟನೆಯದಕ್ಕೂ ಜನ ಕೂರುತ್ತಾರೆ.